ಭಂಡಾರ ಅಲ್ಲದ ಹಳದಿ

ಜುಗೂಳ, ಮಾರ್ಚ್ ೧೨, ಗುರುವಾರ

ನನ್ನ ಆರು ತಿಂಗಳ ಕೆಲಸಾನ ಆಯಿ ಕುರಿ ಮ್ಯಾಲ ತೂರಿ ಬಿಟ್ಲು. ಬಿಳಿ ಟೈಟಾನಿಯಂ ಡೈಆಕ್ಸೈಡಿಗೆ ನೈಟ್ರೋಜನ್ ಸೇರಿಸಿದ್ರ ಹಳದಿ ಆಗ್ತೈತಿ, ಬರೇ ಬಿಸಿಲಿಗೇ ನೀರಿನ್ಯಾಗಿನ ವಿಷಾ ಒಡೀತೈತಿ. ನಾ ಮಾಡಿದ ಆ ಪುಡೀನ ನಾಳೆ ಹೊಳಿ ನೀರಿಗೆ ಹಾಕಿ ನೋಡಬೇಕಿತ್ತು. ಹಳದಿ ಪುಡಿ ಕಂಡದ್ದೇ ತಡ, ಆಯಿಗೆ ಅದು ಬೀರಪ್ಪ ದೇವರ ಭಂಡಾರ, ಪ್ರಸಾದದ ಅರಿಷಿಣ! ತನ್ನ ಹಣಿಗೂ ಬಡ್ಕೊಂಡು, "ನಿನ್ನ ಕೆಲಸ ಕೈಗೂಡ್ಲಿ ಅಂತ ಹಾರಿಸೇನಿ, ಸೋನಾಲಿ" ಅಂದ್ಲು.

"ಕುರಿ ಕಾದು ಕಾದು ನೀನೂ ಕುರಿನ ಆದಿ" ಅಂದೆ. ಕಿವುಡಿ, ಕೇಳಿಸ್ಲಿಲ್ಲ. ರಟ್ಟಿ ಹಿಡದು ಕೂಡ್ರಿಸಿ, ಹಣಿಮ್ಯಾಲಿನ ಪುಡಿ ಬ್ರಶ್ಶಲೆ ಕೆರದು ಬಾಟ್ಲಿಗೆ ತುಂಬಿದೆ. ಚರ್ಮ ಕೆಂಪಾತು. ನಾ ಭಂಡಾರ ಹಚ್ಚಾಕತ್ತೇನಿ ಅಂತ ತಿಳದು, ಮುದುಕಿ ಕಣ್ಣ ಮುಚ್ಚಿ ಕೈ ಮುಗದು ಕುಂತಿದ್ಲು.

ಹುಬ್ಬಿನ್ಯಾಗ ಚೂರು ಉಳದಿತ್ತು. ಅದನ್ನೂ ಕೆರದೆ.