ಮೊದಲ ಪಾದ್ರಿಗಳ ಕುರ್ಚಿ

ಸಮೋಸಿರ್ ದ್ವೀಪ

ಜಿಲ್ಲೆಯ ಹಿರಿಯ ಪಾದ್ರಿಗಳೂ ನನ್ನ ಸೋದರಮಾವನೂ ಆದ ನಿಮಗೆ ಲಾಮ್ರಿಯಾಳ ವಂದನೆಗಳು.

ನಿಮಗೆ ಬಂದ ದೂರು ನಿಜ. ನಮ್ಮ ಚರ್ಚಿನ ಮೊದಲ ಪಾದ್ರಿಗಳ ಬೆತ್ತದ ಕುರ್ಚಿಯಲ್ಲಿ, ಸಭೆಯೆಲ್ಲ ನೋಡುತ್ತಿದ್ದಂತೆ, ಈ ಊರಿನ ಪಾದ್ರಿಯಾದ ನಾನು ಕುಳಿತೆ. ಜನ ಅದರ ಮುಂದೆ ವೀಳ್ಯದೆಲೆ ಇಡುತ್ತಿದ್ದರು, ಪರೀಕ್ಷೆಗೆ ಹೋಗುವ ಮಕ್ಕಳು ಪೆನ್ನು ಮುಟ್ಟಿಸುತ್ತಿದ್ದರು. ನಾನು ಬೈದು ಸುಮ್ಮನಾಗುತ್ತಿದ್ದೆ. ಆ ಭಾನುವಾರ ತಿಯುರ್ಮಾ ಅಜ್ಜಿ, ಜ್ವರದಲ್ಲಿ ಬೇಯುತ್ತಿದ್ದ ಮೊಮ್ಮಗುವನ್ನು ಆಸ್ಪತ್ರೆಗೆ ಒಯ್ಯದೆ ಕುರ್ಚಿಯ ಕೆಳಗೆ ಮಲಗಿಸಿದ್ದರು. ಮಗುವನ್ನು ತಾಯಿಯ ಜೊತೆ ದೋಣಿ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ದಡದಿಂದ ಚರ್ಚಿಗೆ ಮರಳಿ ಬಂದವಳೇ ಕುರ್ಚಿಯಲ್ಲಿ ಕುಳಿತೆ.

“ಏಳಮ್ಮಾ, ರಕ್ತ ಕಾರಿ ಸಾಯ್ತೀಯ,” ಎಂದರು ಅಜ್ಜಿ.

“ಸತ್ರೆ ಹಂದಿ ಕಡಿದು ಊರಿಗೆಲ್ಲ ಊಟ ಹಾಕಿಸಿ. ಅಲ್ಲೀತನಕ ದೇವರ ಹತ್ರ ಕೇಳ್ಕೊಳ್ಳೋಣ, ಕುರ್ಚಿ ಹತ್ರ ಬೇಡ,” ಎಂದೆ. ಆರಾಧನೆ ಮುಗಿಯುವವರೆಗೂ ಏಳಲಿಲ್ಲ.

ಮಗು ಗುಣವಾಗಿ ಬಂತು. ಮರುವಾರವೂ ನಾನು ಅದರಲ್ಲೇ ಕುಳಿತಿದ್ದೆ. ಅಜ್ಜಿ ನೇರ ಕುರ್ಚಿಯ ಹತ್ತಿರ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನಂತೂ ಸಾಯಲಿಲ್ಲ. ಏಳು, ನಂಗೆ ಮಂಡಿ ನೋವು,” ಎಂದು ಕುಳಿತೇಬಿಟ್ಟರು. ಸಭೆ ನಕ್ಕು, ಸೂರು ಹಾರುವಂತೆ ಹಾಡಿತು.

ಈಗ ಆ ಜಾಗಕ್ಕಾಗಿ ಮುದುಕಿಯರೆಲ್ಲ ಗಂಟೆ ಹೊಡೆಯುವ ಮುಂಚೆಯೇ ಚರ್ಚಿಗೆ ಬರುತ್ತಾರೆ.

ವಿಚಾರಣೆಗೆ ನೀವು ಬರುವಾಗ ದಯವಿಟ್ಟು ಒಂದು ಕಂತೆ ಬೆತ್ತ ತನ್ನಿ. ಕೂತೂ ಕೂತೂ ಕುರ್ಚಿಯ ತಳ ಹರಿದಿದೆ.

ನಿಮ್ಮ ಸೋದರಸೊಸೆ,
ಲಾಮ್ರಿಯಾ