ಫೆಹೀನ್ ಹಾಡಿನ ಕೊನೆಯ ಮಾತು

ಕಾರ್ನ, ಕಾನಮರಾ
೯ ಮಾರ್ಚ್ ೧೯೮೭, ಸೋಮವಾರ

ಮಗ ಬಾರ್ಟ್ಲಿಗೆ ತಾಯಿಯ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ನಾನು ಕಳಿಸಿದ ಒಣ ಕಡಲಪಾಚಿಯನ್ನು ಹಾಲಿನಲ್ಲಿ ಕುದಿಸಿ ಕುಡಿದೆಯೋ, ಇಲ್ಲ ಲಂಡನ್ನಿನ ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಿದೆಯೋ? ಹಗಲೆಲ್ಲ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಕೂತರೆ ಎದೆ ಕಟ್ಟದೆ ಇನ್ನೇನಾದೀತು. ನಾನು ಗಟ್ಟಿಯಾಗಿದ್ದೇನೆ. ಚರ್ಚಿನ ಪೂಜೆಯಲ್ಲಿ ಮಂಡಿಯೂರಿದರೆ ಮತ್ತೆ ಏಳುವುದು ಕಷ್ಟ, ಅಷ್ಟೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗಿದೆ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ಪತ್ರ ಸ್ವಲ್ಪ ಕಹಿಯೆನಿಸಿದರೆ ಅದಕ್ಕೇ ಎಂದು ತಿಳಿದುಕೋ.

ನಿನ್ನ ಕೆಲಸವೇನೆಂದು ಕೇಳಿದವರಿಗೆ ಉತ್ತರ ಕೊಡುವುದು ನನಗೆ ಯಾವತ್ತೂ ಸುಲಭವಾಗಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ನೀಲಿ ಕೋಟು ತೊಟ್ಟು ಡಾನ್ಸ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದೆ. ಅದು ಅರ್ಥವಾಗುತ್ತಿತ್ತು, ಕೋಟಿಗೆ ಇಸ್ತ್ರಿ ಹಾಕುತ್ತಿದ್ದವಳು ನಾನೇ. ಆಮೇಲೆ ಡಬ್ಲಿನ್ನಿನಲ್ಲಿ ಉದ್ದ ಕೂದಲು, ಗಿಟಾರು. ಅದಾದ ಮೇಲೆ ಲಂಡನ್ನಿನಲ್ಲಿ ಹರಿದ ಅಂಗಿ, ಕಿರುಚಾಟ. ಆ ಫೋಟೋ ನೋಡಿ ಎರಡು ಹೊಸ ಅಂಗಿ ಪಾರ್ಸೆಲ್ ಮಾಡಿದ್ದೆ. ತೊಟ್ಟೆಯೋ ಇಲ್ಲವೋ ನೀನು ಬರೆಯಲೇ ಇಲ್ಲ. ನಡುವೆ ಬಿಸ್ಕತ್ತಿನ ಜಾಹೀರಾತಿಗೆ ರಾಗ ಕಟ್ಟಿದೆ. ನಮ್ಮೂರಿಗೆ ಬಾಯಿಪಾಠವಾಗಿರುವ ನಿನ್ನ ಹಾಡು ಅದೊಂದೇ. ಈಗ ರೆಕಾರ್ಡುಗಳ ಪ್ರೊಡ್ಯೂಸರ್ ಅನ್ನುತ್ತೀಯ. ಅಂಗಡಿಯ ಮೆಗ್ ಕೇಳುತ್ತಾಳೆ: “ಹಾಡೋದೂ ಇಲ್ಲ, ಬಾರ್ಸೋದೂ ಇಲ್ಲ, ಆದ್ರೂ ಹಾಡೋರೆಲ್ಲ ಅವನ ಮಾತು ಕೇಳ್ಬೇಕು. ನಿನ್ ಮಗ ಬಿಷಪ್ ಆದ್ನೇನೇ ಬಾಬೀನ್?” ಹಾಡುವವರ ತಪ್ಪು ತಿದ್ದುವ ಮೇಷ್ಟರ ಕೆಲಸವೆಂದು ನಾನು ಗತ್ತಿನಿಂದಲೇ ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ, ನೀನೇ ತಿಳಿಸಬೇಕು.

ಈಗ ನಿನ್ನೆಯ ಸಂಗತಿ. ನಿನ್ನ ಹೊಸ ರೆಕಾರ್ಡನ್ನು ರೇಡಿಯೋದಲ್ಲಿ ಹಾಕುತ್ತಾರೆಂದು ಊನಾ ಗಾಲ್ವೆಯಿಂದ ಫೋನ್ ಮಾಡಿದ್ದಳು. ನಿನ್ನ ತಂಗಿಗೆ ಗೊತ್ತಿದ್ದದ್ದು ತಾಯಿಗೆ ಗೊತ್ತಿರಲಿಲ್ಲ, ಇರಲಿ. ಪೂಜೆ ಮುಗಿಸಿ ನಾವೆಲ್ಲ ಮೆಗ್‌ಳ ಅಂಗಡಿಯಲ್ಲಿ ನಿಂತೆವು. ಮೊದಲು ಡ್ರಮ್ ಬಂತು. ಅದರ ಮೇಲೆ ನಿನ್ನಪ್ಪನ ದನಿ. ಸತ್ತು ವರ್ಷವಾಗುತ್ತ ಬಂದ ಮನುಷ್ಯ ಹಿಟ್ಟಿನ ಮೂಟೆಗಳ ನಡುವೆ ನಿಂತು ಹಾಡುತ್ತಿದ್ದ ಹಾಗಿತ್ತು. ಸಿಟ್ಟಾಗಬೇಕೋ ಹೆಮ್ಮೆಪಡಬೇಕೋ ನನಗೆ ತಿಳಿಯಲಿಲ್ಲ. ಬರಿ ಕಂಠದಲ್ಲಿ ಹಾಡುವ ಈ ಹಾಡಿಗೆ ಡ್ರಮ್ ಯಾಕೆ ಎಂದು ಬೈಯಲು ಬಾಯಿ ತೆರೆದೆ. ನೋಡಿದರೆ ನನ್ನ ಕಾಲೇ ತಾಳ ಹಾಕುತ್ತಿತ್ತು. ಅದೂ ತಪಸ್ಸುಕಾಲದಲ್ಲಿ.

ನೀನು ಅದನ್ನು ಟೇಪಿನಲ್ಲಿ ಹಿಡಿದ ಮಧ್ಯಾಹ್ನ ನೆನಪಾಯಿತು. ನಿನ್ನಪ್ಪನ ಕಡೆಯ ಕ್ರಿಸ್‌ಮಸ್ಸಿನ ಮರುದಿನ. ನೀನು ಅಡುಗೆಮನೆಯ ಕಿಟಕಿಗೆ ನನ್ನ ಕಂಬಳಿ ಹೊದಿಸಿ, ಸದ್ದು ಬೇಡವೆಂದು ಗಡಿಯಾರ ನಿಲ್ಲಿಸಿದೆ. ಈ ಮನೆಯಲ್ಲಿ ಸಾವಾದಾಗ ಮಾತ್ರ ಗಡಿಯಾರ ನಿಲ್ಲಿಸುವುದು ಎಂದು ನಾನು ರೇಗಿದೆ. ನಿನ್ನಪ್ಪ ನಕ್ಕರು: “ಇರ್ಲಿ ಬಿಡೇ, ಅದಕ್ಕೂ ಒಂದ್ಸಲ ಅಭ್ಯಾಸ ಆಗ್ಲಿ.” ಮಾರ್ಚಿಗೆ ಹೋಗಿಬಿಟ್ಟರು. ನಮ್ಮೂರ ವಾಡಿಕೆಯಂತೆ ಹಾಡುವಾಗ ಅವರ ಕೈ ಹಿಡಿದು, ಬಾವಿಯ ರಾಟೆಯ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದವಳು ನಾನು. ಮೂವತ್ತೆಂಟು ವರ್ಷ ತಿರುಗಿಸಿದ ಕೈ. ಕೊನೆಯ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಕೊನೆಯ ನಾಲ್ಕು ಮಾತನ್ನು ಹಾಡದೆ, ಎದುರಿಗಿದ್ದವರಿಗೆ ಹೇಳುವಂತೆ ಹೇಳಿಬಿಡುತ್ತಾರೆ. ಆಗಲೇ ಹಾಡು ಮುಗಿಯುವುದು, ಕೇಳಿದವರು ಶಹಬ್ಬಾಸ್ ಅನ್ನುವುದು. ತೊಟ್ಟಿಲಿನಿಂದ ನಿನಗೆ ಗೊತ್ತಿರುವುದನ್ನು ನಾನು ಬರೆದು ತಿಳಿಸಬೇಕಾಗಿದೆಯಲ್ಲ.

ರೆಕಾರ್ಡಿನಲ್ಲಿ ದನಿ ಸಣ್ಣಗಾಗುತ್ತ ಸಣ್ಣಗಾಗುತ್ತ, ಗುಡ್ಡ ದಾಟಿ ಆಚೆಗಿಳಿದವರಂತೆ ಮಾಯವಾಯಿತು. ಮುದುಕ ಪ್ಯಾಟ್ಚೀನ್ ಶಹಬ್ಬಾಸ್ ಹೇಳಬೇಕೆಂದು ಟೋಪಿ ತೆಗೆದು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ರೇಡಿಯೋದವನು ಗಾಳಿ ಮಳೆಯ ಸುದ್ದಿ ಶುರುಮಾಡಿದ. “ಮುಗೀಲೇ ಇಲ್ವಲ್ಲೇ ಬಾಬೀನ್. ನಿನ್ ಗಂಡ ಫೆಹೀನ್ ಎತ್ಲಾಗ್ ಹೋದ?” ಅಂದ ಪ್ಯಾಟ್ಚೀನ್. “ಅಷ್ಟೊಂದು ಡ್ರಮ್ಮಿಗೆ ಜಾಗ ಇತ್ತು, ಅವನ ನಾಲ್ಕ್ ಮಾತಿಗೆ ಇರ್ಲಿಲ್ವಾ?” ಆ ಚಳಿಯಲ್ಲಿ ಟೋಪಿಯನ್ನು ಕೈಯಲ್ಲೇ ಹಿಡಿದು ಮನೆಗೆ ಹೋದನಂತೆ, ಮೆಗ್ ಆಮೇಲೆ ಹೇಳಿದಳು.

ಊನಾಳನ್ನು ಕೇಳಿದರೆ, “ಅಮ್ಮಾ, ಈಗಿನ್ ಹಾಡೆಲ್ಲ ಹಂಗೇ ಮುಗಿಯೋದು” ಅನ್ನುತ್ತಾಳೆ. ಇರಬಹುದು. ನನ್ನ ಕುರ್ಚಿ ಕಿರುಗುಟ್ಟಿದ್ದು ರೆಕಾರ್ಡಿನಲ್ಲಿ ಉಳಿದಿದೆ, ನಿನ್ನಪ್ಪನ ಮಾತು ಉಳಿದಿಲ್ಲ. ನೀನು ಮರೆತೆಯೋ, ಬೇಕೆಂದೇ ಕತ್ತರಿಸಿದೆಯೋ ತಿಳಿಯುತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದೂ ತಿಳಿಯುತ್ತಿಲ್ಲ. ಅವರನ್ನು ಹಾಡಿನ ಒಳಗೇ ನಿಲ್ಲಿಸಿ ಬಂದಿದ್ದೀಯ. ಅದನ್ನು ಸರಿಮಾಡು.

ಉಣ್ಣೆಯ ಬನಿಯನ್ ಬಿಡಬೇಡ. ಸಂತ ಬ್ರಿಜಿದಳ ಹೊದಿಕೆ ನಿನ್ನ ಹೆಗಲ ಮೇಲಿರಲಿ.

ಇತಿ,
ನಿನ್ನ ತಾಯಿ
ಬಾಬೀನ್

ವಿ.ಸೂ.: ಅಂಚೆಯವನು ಗೇಟಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಗಾಯಕನ ಹೆಂಡತಿಗೆ ಹಾಡಿನ ಕೊನೆ ತಿಳಿಯಲು ರೇಡಿಯೋ ಬೇಕಿಲ್ಲ ಎಂದು ಪ್ಯಾಟ್ಚೀನನಿಗೆ ಹೇಳಿದ್ದೆ. “ಹಾಗಾದ್ರೆ ನೀನೇ ಹೇಳಿ ಮುಗಿಸು” ಅಂದ. ಅದು ಅಂಗಡಿಯಲ್ಲಿ ಹೇಳುವ ಮಾತಲ್ಲವೆಂದು ಹೊರಟು ಬಂದೆ. ನಿಜ ಏನೆಂದರೆ, ನನಗೆ ಅದು ಬರುತ್ತಿಲ್ಲ. ದೋಣಿ ದಡಕ್ಕೆ ತಿರುಗುವ ಸಾಲಿನವರೆಗೆ ಬರುತ್ತದೆ. ಆಮೇಲೆ ನಿನ್ನ ರೆಕಾರ್ಡ್ ನಿಂತಲ್ಲೇ ನಾನೂ ನಿಲ್ಲುತ್ತೇನೆ. ಅವರ ಅಂಗೈಯ ಬೆವರು ನೆನಪಿದೆ, ಮಾತು ನೆನಪಿಲ್ಲ. ಊನಾಗೆ ಹೇಳಬೇಡ, ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಮುಂದಿನ ವಾರ ಹತ್ತೊಂಬತ್ತಕ್ಕೆ ನಿನ್ನಪ್ಪನ ವರ್ಷದ ಪೂಜೆ. ಚಹಾಕ್ಕೆ ಎಲ್ಲರೂ ಮನೆಗೆ ಬರುತ್ತಾರೆ, ಪ್ಯಾಟ್ಚೀನ್ ಕೇಳದೆ ಬಿಡುವುದಿಲ್ಲ. ಟೇಪು ನಿನ್ನ ಹತ್ತಿರ ಇದ್ದರೆ ಕೇಳಿಸಿಕೊಂಡು, ನೀನೇ ಬಂದು ಹೇಳು. ನಿನ್ನ ಕೈ ನಾನು ಹಿಡಿಯುತ್ತೇನೆ. ಅದಕ್ಕೆ ಮಾತು ನೆನಪಿರಬೇಕಿಲ್ಲ.