ಗೂಡಿನ ಉಪಮೆ

೧೮ ಆಗಸ್ಟ್ ೨೦೨೪, ಭಾನುವಾರ

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಎಡೆ ಇಟ್ಟಾದ ಮೇಲೆ ಎದ್ದು ನಿಂತು ಹೇಳಿದೆ: "ಕನಕಪುರ, ಮಾಗಡಿ, ಚನ್ನಪಟ್ಟಣದಿಂದ ಬಂದಿದ್ದೀರಿ. ಉಪಕಾರ. ಆದರೆ ಅನುಕಂಪ ಬೇಡ. ಮಗಳು ಕುಸುಮಳನ್ನು ನಾನು ಕಳೆದುಕೊಂಡದ್ದು ಈ ತಿಂಗಳಲ್ಲ, ಹೋದ ವರ್ಷ."

ಎಲ್ಲರೂ ತಲೆದೂಗಿದರು. ಕೊನೆಯ ವಾಕ್ಯವನ್ನು ಮೊದಲೇ ಸಿದ್ಧಮಾಡಿಕೊಳ್ಳುವುದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದ ಅಭ್ಯಾಸ.  

ಊಟದ ನಂತರ ಬಾಮೈದ ಬೈರೇಶ್ ಪಕ್ಕಕ್ಕೆ ಕರೆದ. ಮುಂದಿನ ಭಾನುವಾರ ಅವನ ಮಗಳು ಅನುವಿನ ನಿಶ್ಚಿತಾರ್ಥ, ಒಪ್ಪುವ ಶಾಸ್ತ್ರ.

"ಬಾವ, ಕುಸುಮನ ಕತೆ ಗಂಡಿನ ಕಡೇರ ಕಿವಿಗೆ ಬಿದ್ದೈತೆ. ಹುಡುಗಿ ಸರಿಯಾಗವ್ಳೆ ಅಂತ ಡಾಕ್ಟ್ರತ್ರ ಒಂದ್ ಸರ್ಟಿಫಿಕೇಟ್ ತಂದ್ಬುಡಿ ಅಂತಾವ್ರೆ. ನಿಮ್ಗೆ ರಾಮನಗರದಾಗೆ ಎಲ್ರೂ ಗೊತ್ತು. ಒಸಿ ನೋಡಿ."

ನೋಡುತ್ತೇನೆ ಎಂದೆ. ಪುರಾವೆ ಕೈಯಲ್ಲಿದ್ದರೆ ವಾದವೇ ಬೇಕಿಲ್ಲ ಎಂದೂ ಸೇರಿಸಿದೆ.

೨೦ ಆಗಸ್ಟ್, ಮಂಗಳವಾರ

ಹೋದ ಸೆಪ್ಟೆಂಬರಿನ ಪುಟ ತೆಗೆದು ನೋಡಿದೆ. ಆ ದಿನ ಏನೂ ಬರೆದಿಲ್ಲ. ಇಂದು ಬರೆಯುತ್ತೇನೆ.

ಮದುವೆಯಾದ ಮೂರನೆಯ ದಿನ ಕುಸುಮಳನ್ನು ಗಂಡಿನ ಕಡೆಯವರು ವಾಪಸು ಕರೆತಂದರು. ಪ್ರಸ್ತದ ಹಾಸಿಗೆಗೆ ಹಾಸಿದ್ದ ಬಿಳಿ ಪಂಚೆಯನ್ನು ಅರಳಿಕಟ್ಟೆಯ ಮೇಲೆ ಹರಡಿದರು. ಕಲೆ ಇರಲಿಲ್ಲ. ಯಜಮಾನರೆಲ್ಲ ನನ್ನ ಮುಖ ನೋಡಿದರು. ಮಗಳ ಪರ ಮಾತಾಡುತ್ತಾನೆ ಎಂದುಕೊಂಡಿರಬೇಕು.

"ನಾನು ಯಾವ ತಪ್ಪೂ ಮಾಡಿಲ್ಲ ಅಪ್ಪ," ಅಂದಳು.

ಮೂವತ್ತು ವರ್ಷ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಎದ್ದು ನಿಂತೆ. "ಚಿಟ್ಟೆ ಹೊರಬಿದ್ದ ಗೂಡಿಗೆ ತೂತಿರುತ್ತದೆ. ತೂತಿರುವ ಗೂಡು ನೂಲಿಗೆ ಬರುವುದಿಲ್ಲ. ಅಂಥದ್ದನ್ನು ಯಾರ ಲಾಟಿನಲ್ಲೂ ಪಾಸು ಮಾಡಿದವನಲ್ಲ. ನನ್ನ ಮನೆಯದೆಂದು ಈಗ ಮಾಡಲಾರೆ."

ಯಾರೋ ಭೇಷ್ ಅಂದರು. ಅದು ಹಿತವಾಯಿತು... ಇದನ್ನೂ ಬರೆಯಲೇಬೇಕು.

ಅವಳು ಕೇಳಿದ್ದು ಒಂದೇ ಮಾತು: "ಅಪ್ಪ, ನೀವು ಯಾರ ಕಡೆ?"

ಮರುದಿನ ಹಾರೋಹಳ್ಳಿಗೆ ಹೋದಳು. ಫ್ಯಾಕ್ಟರಿ ಕೆಲಸ, ಬಾಡಿಗೆ ರೂಮು. ಫೋನು ಬಂದರೆ ಎತ್ತಕೂಡದು ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಈ ತಿಂಗಳು ಜ್ವರ ಬಂದಾಗ ನಾಲ್ಕು ಸಲ ಮಾಡಿದ್ದಾಳೆ. ಐದನೆಯದು ಅವಳ ರೂಮಿನ ಹುಡುಗಿಯದು, ಗೊತ್ತಿಲ್ಲದ ನಂಬರೆಂದು ಎತ್ತಿದೆವು. ಡೆಂಗ್ಯೂ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ—

೨೨ ಆಗಸ್ಟ್, ಗುರುವಾರ

ರಾಮನಗರ. ಡಾಕ್ಟರ್ ಚೈತನ್ಯ. ಇನ್ನೂ ನಲವತ್ತು ದಾಟದ ಹೆಣ್ಣುಮಗಳು. ಅನುವಿಗೆ ಸರ್ಟಿಫಿಕೇಟು ಬೇಕೆಂದೆ. ಚೀಟಿಯ ಹಿಂದೆ ಪೆನ್ನಿನಿಂದ ಒಂದು ಚಿತ್ರ ಬರೆದರು.

"ಸರ್, ಕನ್ಯಾಪೊರೆ ಅಂದ್ರೆ ಮುಚ್ಚಳ ಅಲ್ಲ. ಯೋನಿಯ ಬಾಯಂಚಲ್ಲಿರೋ ತೆಳು ಮಡಿಕೆ, ಅಷ್ಟೆ. ಸಾಮಾನ್ಯವಾಗಿ ಹುಟ್ಟಿದಾಗಿಂದಲೇ ಮಧ್ಯೆ ತೆರವಿರುತ್ತೆ. ಒಬ್ಬೊಬ್ಬರಿಗೆ ಒಂದೊಂದು ಆಕಾರ. ಹಿಗ್ಗುತ್ತೆ. ಎಷ್ಟೋ ಜನಕ್ಕೆ ಮೊದಲ ಸಲ ರಕ್ತ ಬರೋದೇ ಇಲ್ಲ."

ಸೈಕಲ್ ತುಳಿದು ಹರಿದಿದ್ದರೆ ತಾನೇ ಹಾಗೆ ಎಂದೆ. ವಾದದ ಚಟ.

"ಸೈಕಲ್ಲಿನ ನೆಪ ಯಾಕೆ ಸರ್? ಏನೂ ಹರಿಯದೆ, ರಕ್ತವೂ ಬರದೆ ಇರಬಹುದು. ಅದನ್ನ ನೋಡಿ ಹುಡುಗಿ ಹೀಗೆ ಅಂತ ಯಾವ ಡಾಕ್ಟರೂ ಹೇಳಕ್ಕಾಗಲ್ಲ. ಇಲ್ಲದ ಪರೀಕ್ಷೆಗೆ ಸರ್ಟಿಫಿಕೇಟ್ ಹೇಗೆ ಕೊಡ್ಲಿ? ಹುಡುಗಿ ನಿಮಗೇನಾಗ್ಬೇಕು?"

"ಯಾವ ಹುಡುಗಿ?" ಎಂದುಬಿಟ್ಟೆ.

ಸಂಜೆ. ಹೆಂಡತಿ ಮಾಯಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಮೊರ ನಿಲ್ಲಿಸಲಿಲ್ಲ.

"ಇದ್ಕೆ ಡಾಕ್ಟ್ರು ಬೇಕಿತ್ತಾ? ಮುಚ್ಕಂಡಿದ್ರೆ ತಿಂಗ್ಳು ತಿಂಗ್ಳು ಮುಟ್ಟು ಯಾವ ದಾರೀಲಿ ಬತ್ತಿತ್ತು?"

ಇಷ್ಟು ಸರಳವಾದ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಮೊರ ಕೆಳಗಿಟ್ಟು, "ನಂಗೂ ರಕ್ತ ಬಂದಿರ್ನಿಲ್ಲ," ಅಂದಳು.

ಪಂಚೆ? ನಮ್ಮ ಪ್ರಸ್ತದ ಪಂಚೆ?

"ನಿಮ್ಮವ್ವ ಬೆಳಿಗ್ಗೆ ನೋಡಿದ್ರು. ಒಂದ್ ಮಾತೂ ಆಡ್ನಿಲ್ಲ. ಈಳಿಗೆ ಮಣೇಲಿ ಬೆರಳು ಕುಯ್ಕಂಡು ಒರಸ್ಬುಟ್ರು. 'ಗಂಡಸ್ರಿಗೆ ಇಷ್ಟ್ ಸಾಕು, ಬುಡು ಮಗ' ಅಂದ್ರು."

ಆ ಬೆರಳು ನೆನಪಿದೆ. ಸೊಪ್ಪು ಹೆಚ್ಚುವಾಗ ಆಯಿತು ಅಂದಿದ್ದಳು ಅವ್ವ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದವನು ನಾನೇ.

"ಕಟ್ಟೆಯ ಹತ್ತಿರ ಇದನ್ನು ಯಾಕೆ ಹೇಳಲಿಲ್ಲ?"

"ಮೂರ್ ಸತಿ ಬಾಯಿ ಬುಟ್ಟೆ. 'ಸಭೇಲಿ ಹೆಂಗಸ್ರು ಸುಮ್ನಿರ್ಬೇಕು' ಅಂದ್ರಿ."

ಅಂದಿದ್ದೆ.

೨೪ ಆಗಸ್ಟ್, ಶನಿವಾರ

ನಿನ್ನೆ ಬರೆಯಲಿಲ್ಲ. ಬೈರೇಶನ ಫೋನು. ಸರ್ಟಿಫಿಕೇಟು ಇಲ್ಲ, ಇರುವುದೂ ಸಾಧ್ಯವಿಲ್ಲ, ನಾಳೆ ಅದನ್ನೇ ಹೇಳುತ್ತೇನೆ ಎಂದೆ.

"ಅಯ್ಯೋ, ಮಾತು ಮುರ್ದೋಯ್ತದೆ ಬಾವ! ಅದೇ ಯಜಮಾನ್ರೆಲ್ಲ ಬತ್ತಾವ್ರೆ. ನಿಮ್ ಭಾಷಣ ನಮ್ಗೆ ಬ್ಯಾಡ. ಬಂದು ಉಂಡ್ಕಂಡು ಹೋಗಿ."

ಫೋನು ಕಸಿದುಕೊಂಡವಳು ಅನು.

"ಮಾವ, ನೀವು ಸರ್ಟಿಫಿಕೇಟ್ ತಂದಿದ್ರೆ ನಾನೇ ಹರ್ದಾಕ್ತಿದ್ದೆ. ಮುರುದ್ರೆ ಮುರೀಲಿ. ಕುಸುಮಕ್ಕ ಯಾವಾಗ್ಲೂ ಅನ್ನೋಳು, ನಮ್ಮಪ್ಪ ಯಾವ ಕಡೆ ನಿಂತ್ರೂ ಗೆಲ್ತಾರೆ ಅಂತ. ಒಂದ್ ಸತಿ ಅವ್ಳ ಕಡೆ ನಿಂತ್ಕಳಿ."

ಗೆಲ್ಲುವುದಕ್ಕೆ ಈಗ ಏನು ಉಳಿದಿದೆ.

೨೫ ಆಗಸ್ಟ್, ಭಾನುವಾರ, ಬೆಳಗ್ಗೆ ಆರು

ಯಾರನ್ನೂ ಕೇಳಿಲ್ಲ. ಒಬ್ಬನೇ ತೀರ್ಮಾನಿಸಿದ್ದೇನೆ. ಅವ್ವನ ಬೆರಳಿನ ಮಾತು ಎತ್ತುವುದಿಲ್ಲ. ಅದು ಮಾಯಮ್ಮನ ಸ್ವತ್ತು. ಬಿಚ್ಚಿಡುವುದು ನನ್ನದನ್ನು ಮಾತ್ರ. ತಾಂಬೂಲದ ತಟ್ಟೆ ಕೈ ಬದಲಾಗುವ ಮೊದಲು ಏಳುತ್ತೇನೆ. ಗೂಡಿನ ಉಪಮೆಗೆ ಭೇಷ್ ಅಂದವರೆಲ್ಲ ಎದುರಿಗಿರುತ್ತಾರೆ. ಅವರೆದುರೇ ಅದನ್ನು ಹಿಂತೆಗೆದುಕೊಳ್ಳುತ್ತೇನೆ.

ಕೊನೆಯ ವಾಕ್ಯ ಸಿದ್ಧವಾಗಿಲ್ಲ. ಜೀವಮಾನದಲ್ಲಿ ಇದೇ ಮೊದಲು. ಆರಂಭದ್ದು ಮಾತ್ರ ಇದೆ:

"ಆ ದಿನ ಕಟ್ಟೆಯ ಮೇಲೆ ಕುಸುಮ ನಿಜ ಹೇಳಿದಳು. ಸುಳ್ಳು ಹೇಳಿದವನು—